ಕೇಳುಗರ ಕಟ್ಟೆ: ಹನ್ನೆರಡು ಸ್ವರ, ಜಾರುವ ಷಡ್ಜ

ಕಳೆದ ಸಂಚಿಕೆಯಲ್ಲಿ ಜಿನೀವಾದ ಸಂಯೋಜಕ ಫ್ರಾಂಕ್ ಮಾರ್ಟಿನ್ (1890–1974) ಬಗ್ಗೆ ಅರ್ಧ ಪುಟದ ಟಿಪ್ಪಣಿ ಕೊಟ್ಟಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಆರ್ಕೆಸ್ಟ್ರಾ ಎಂದರೆ ಗಣೇಶೋತ್ಸವದ ಪೆಂಡಾಲಿನಲ್ಲಿ ಚಿತ್ರಗೀತೆ ಹಾಡುವ ತಂಡವಲ್ಲವೇ ಎಂದು ಕೇಳಿದವರಿಗೆ ಮೊದಲೇ ಹೇಳಿಬಿಡುತ್ತೇವೆ: ಅದೂ ಆರ್ಕೆಸ್ಟ್ರಾನೇ. ಈ ಅಂಕಣದ ಮಟ್ಟಿಗೆ ಮಾತ್ರ ಪಿಟೀಲು, ವಿಯೋಲಾ, ಸೆಲ್ಲೊ, ಡಬಲ್ ಬಾಸ್‌ಗಳ ದೊಡ್ಡ ಗುಂಪು ಎಂದು ಓದಿಕೊಳ್ಳಿ. ಆ ಗುಂಪಿನ ಎದುರು ಒಬ್ಬರೋ ಕೆಲವರೋ ಮುಂದೆ ಬಂದು ನುಡಿಸುವ ಕೃತಿ ಕನ್ಸರ್ಟೋ.

ಪ್ರಶ್ನೆ (ಜಯನಗರ): ವೀಣೆ ಕಲಿಯುತ್ತಿದ್ದೇನೆ. ಪಾಶ್ಚಾತ್ಯರಲ್ಲಿ ಮೊಜಾರ್ಟ್, ಬಿಥೋವನ್ ಬಿಟ್ಟರೆ ಹೆಚ್ಚು ಕೇಳಿಲ್ಲ. ಮಾರ್ಟಿನ್‌ನ ಯಾವ ಕೃತಿಯಿಂದ ಶುರು ಮಾಡಲಿ? ಹುಡುಕಿದರೆ ಬೇರೆ ಬೇರೆ ಹೆಸರುಗಳೇ ಬರುತ್ತಿವೆ.

ಹೆಸರಿನ ಗೋಜಲನ್ನು ಮೊದಲು ಬಿಡಿಸೋಣ. ಇವರು ಫ್ರೆಂಚ್ ಮಾತಾಡುವ ಊರಿನವರಾದ್ದರಿಂದ ಉಚ್ಚಾರ ‘ಮಾರ್ತ್ಯಾಂ’ ಎಂಬುದಕ್ಕೆ ಹತ್ತಿರ. ನಾವು ರೂಢಿಯಂತೆ ಮಾರ್ಟಿನ್ ಎಂದೇ ಬರೆಯುತ್ತೇವೆ. ಬೊಹುಸ್ಲಾವ್ ಮಾರ್ತಿನು ಎಂಬುವರು ಜೆಕ್ ಸಂಯೋಜಕ, ಬೇರೆಯೇ ವ್ಯಕ್ತಿ. ಜಾನ್ ಮಾರ್ತಿನೋ ಫ್ರೆಂಚ್ ಆರ್ಕೆಸ್ಟ್ರಾ ನಿರ್ದೇಶಕ. ಈ ಮಾರ್ತಿನೋ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ ಜೊತೆ ನಮ್ಮ ಮಾರ್ಟಿನ್‌ನ ಕೃತಿಯೊಂದನ್ನು ಧ್ವನಿಮುದ್ರಿಸಿದ್ದಾರೆ, ಆದ್ದರಿಂದ ಎರಡು ಹೆಸರೂ ಒಂದೇ ಮುಖಪುಟದಲ್ಲಿ ಕಂಡರೆ ಗಾಬರಿಯಾಗಬೇಡಿ. ಹುಡುಕುವಾಗ ಸಂಯೋಜಕನ ಹೆಸರಿನ ಜೊತೆ ಕೃತಿಯ ಹೆಸರನ್ನೂ ಹಾಕಿ.

ಅದೇ ಕೃತಿಯಿಂದಲೇ ಶುರು ಮಾಡಿ: ಏಳು ಊದುವಾದ್ಯಗಳ ಕನ್ಸರ್ಟೋ, 1949ರಲ್ಲಿ ಬರ್ನ್ ನಗರದಲ್ಲಿ ಮೊದಲು ನುಡಿಸಿದ್ದು. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್, ಟ್ರಾಂಬೋನ್ ಮುಂದೆ; ಹಿಂದೆ ನಗಾರಿಯಂಥ ಟಿಂಪನಿ, ತಾಳವಾದ್ಯಗಳು, ತಂತಿವಾದ್ಯಗಳ ಗುಂಪು. ಒಟ್ಟು ಇಪ್ಪತ್ತು ನಿಮಿಷದ ಆಸುಪಾಸು, ಮೂರು ಭಾಗ. ಕ್ರಮ ಮುರಿದು ನಡುವಿನ ಭಾಗವನ್ನೇ ಮೊದಲು ಕೇಳಿ. ತಂತಿವಾದ್ಯಗಳು ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ನಡೆ ಇಡುತ್ತವೆ, ಊದುವಾದ್ಯಗಳು ಅದರ ಮೇಲೆ ಒಂದೊಂದಾಗಿ ಹಾಡುತ್ತವೆ. ಲಯ ಅಲ್ಲಾಡದ್ದರಿಂದ ಹೊಸ ಕಿವಿಗೆ ಹಿಡಿಯಲು ಒಂದು ಕಂಬ ಸಿಗುತ್ತದೆ. ಆಮೇಲೆ ಮೂರನೆಯ ಭಾಗ. ಅಲ್ಲಿ ಟಿಂಪನಿಗೂ ತನ್ನದೇ ಸರದಿ ಇದೆ. ಮೃದಂಗದ ತನಿ ಕೇಳಿ ಬೆಳೆದವರಿಗೆ ಅದು ತೀರಾ ಗಿಡ್ಡವೆನಿಸಬಹುದು. ಮೊದಲ ಭಾಗವನ್ನು ಕೊನೆಗೆ ಕೇಳಿ.

ಒಂದು ವಾರ ಬಿಟ್ಟು ‘ಪೆತೀತ್ ಸಿಂಫೊನಿ ಕನ್ಸರ್ಟಾಂಟ್’. ಹಾರ್ಪ್ (ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ), ಹಾರ್ಪ್ಸಿಕಾರ್ಡ್ (ಕೀಲಿ ಒತ್ತಿದರೆ ತಂತಿ ಮೀಟುವ ಹಳೆಯ ವಾದ್ಯ), ಪಿಯಾನೊ ಮತ್ತು ಎರಡು ತಂತಿ ಗುಂಪುಗಳಿಗೆ ಬರೆದದ್ದು, ಮಾರ್ಟಿನ್‌ಗೆ ಹೊರನಾಡುಗಳಲ್ಲಿ ಹೆಸರು ತಂದ ಕೃತಿ. ಅರ್ನೆಸ್ಟ್ ಆನ್ಸರ್ಮೆ ನಿರ್ದೇಶನದ ಹಳೆಯ ಮುದ್ರಣ ಚೆನ್ನಾಗಿದೆ. ಧ್ವನಿ ಸ್ವಚ್ಛವಾಗಿರಬೇಕೆಂದರೆ ಮಥಿಯಾಸ್ ಬಾಮರ್ಟ್ ನಿರ್ದೇಶನದ ಮುದ್ರಣಗಳನ್ನು ಹುಡುಕಿ. ಮೂರನೆಯದಾಗಿ ಅರ್ಧ ಗಂಟೆಯ ಪಿಟೀಲು ಕನ್ಸರ್ಟೋ. ಎರಡು ಪಿಯಾನೊ ಕನ್ಸರ್ಟೋಗಳನ್ನು (1934, 1969) ಸದ್ಯಕ್ಕೆ ಬಿಡಿ. ಅವು ಒಣ ಮಾತಿನವು, ಪರಿಚಯವಾದ ಮೇಲೆ ರುಚಿಸುವಂಥವು.

ಪ್ರಶ್ನೆ (ಬಸವನಗುಡಿ): ಹನ್ನೆರಡು ಸ್ವರಸ್ಥಾನಗಳನ್ನೂ ಒಂದೇ ಸಾಲಿನಲ್ಲಿ ಬಳಸುತ್ತಾರೆ ಎಂದು ಬರೆದಿದ್ದಿರಿ. ಎರಡೂ ಮಧ್ಯಮ, ಎಲ್ಲ ರಿಷಭ-ಗಾಂಧಾರಗಳೂ ಒಟ್ಟಿಗೆ ಬಂದರೆ ರಾಗವೆಲ್ಲಿ? ನಾನು ಶ್ರುತಿಪೆಟ್ಟಿಗೆ ಹಾಕಿಕೊಂಡು ಕೇಳಲು ಪ್ರಯತ್ನಿಸಿದೆ, ತಲೆ ಚಿಟ್ಟು ಹಿಡಿಯಿತು.

ಶ್ರುತಿಪೆಟ್ಟಿಗೆಯೇ ತಪ್ಪಿತಸ್ಥ. ಅದನ್ನು ನಿಲ್ಲಿಸಿ, ಮತ್ತೆ ಕೇಳಿ.

ವಿಯೆನ್ನಾದ ಸಂಯೋಜಕ ಷೋನ್‌ಬರ್ಗ್ ರೂಪಿಸಿದ ಪದ್ಧತಿಯ ತಿರುಳು ಇಷ್ಟು: ಹನ್ನೆರಡು ಸ್ವರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಹನ್ನೆರಡೂ ಬರುವ ತನಕ ಬಂದ ಸ್ವರ ಮರಳದಂತೆ ನಡೆಸುವುದು. ಯಾವ ಸ್ವರಕ್ಕೂ ಯಜಮಾನಿಕೆ ಸಿಗಬಾರದು ಎಂಬುದು ಅದರ ಉದ್ದೇಶ. ಮಾರ್ಟಿನ್ 1930ರ ದಶಕದಲ್ಲಿ ಈ ಪದ್ಧತಿಯನ್ನು ಅಭ್ಯಾಸ ಮಾಡಿದರು. ಸಾಲನ್ನು ಇಟ್ಟುಕೊಂಡರು, ಉದ್ದೇಶವನ್ನು ಕೈಬಿಟ್ಟರು. ಅವರ ಸಂಗೀತದಲ್ಲಿ ಯಜಮಾನ ಸ್ವರ ಇದ್ದೇ ಇದೆ. ಅದು ಮೇಲಿನ ಸಾಲಿನಲ್ಲಿಲ್ಲ, ಕೆಳಗೆ ಸೆಲ್ಲೊ ಮತ್ತು ಡಬಲ್ ಬಾಸ್‌ಗಳಲ್ಲಿದೆ, ಮತ್ತು ಅದು ಒಂದೆಡೆ ನಿಲ್ಲುವುದಿಲ್ಲ.

ಕರ್ನಾಟಕ ಸಂಗೀತದವರಿಗೆ ಇದನ್ನು ಹೇಳಲು ಸುಲಭದ ಮಾತಿದೆ: ಗ್ರಹಭೇದ. ಮೋಹನದ ಐದು ಸ್ವರಗಳನ್ನೇ ಇಟ್ಟುಕೊಂಡು ಆಧಾರವನ್ನು ರಿಷಭಕ್ಕೆ ಸರಿಸಿದರೆ ಮಧ್ಯಮಾವತಿ, ಗಾಂಧಾರಕ್ಕೆ ಸರಿಸಿದರೆ ಹಿಂದೋಳ, ಪಂಚಮಕ್ಕೆ ಸರಿಸಿದರೆ ಶುದ್ಧ ಸಾವೇರಿ. ಸ್ವರ ಅದೇ, ಬಣ್ಣ ಬೇರೆ. ನಮ್ಮ ಕಛೇರಿಯಲ್ಲಿ ಇದು ಎರಡು ನಿಮಿಷದ ಚಮತ್ಕಾರ, ತಂಬೂರಿ ಮಾತ್ರ ಹಳೆಯ ಷಡ್ಜವನ್ನೇ ಹೇಳುತ್ತಿರುತ್ತದೆ. ಮಾರ್ಟಿನ್‌ನಲ್ಲಿ ತಂಬೂರಿಯೇ ಜಾರುತ್ತದೆ. ಮೇಲಿನ ಸಾಲು ಅರ್ಧ ಸ್ವರಗಳಲ್ಲಿ ತೆವಳುತ್ತಿರುವಾಗ ಕೆಳಗಿನ ಸ್ವರ ಕೆಲವು ಮಾತ್ರೆ ನಿಂತು, ಜಾರಿ, ಮತ್ತೆಲ್ಲೋ ನಿಲ್ಲುತ್ತದೆ. ನಿಂತಾಗಲೆಲ್ಲ ಅದರ ಮೇಲೆ ಸರಳವಾದ, ಹಳೆಯ ಕಾಲದ ಮೇಜರ್ ಅಥವಾ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಕೂರುತ್ತದೆ. ಹೊರಟ ಶ್ರುತಿಗೇ ಮರಳಿ ಮುಗಿಸಬೇಕೆಂಬ ಹಟವೂ ಅವರಿಗಿಲ್ಲ. ನಿಮ್ಮ ಪೆಟ್ಟಿಗೆ ಒಂದೇ ಷಡ್ಜವನ್ನು ಹಿಡಿದಿದ್ದರಿಂದ ಆ ನಿಲುಗಡೆಗಳಲ್ಲಿ ಹೆಚ್ಚಿನವು ಅಪಸ್ವರವಾಗಿ ಕೇಳಿರುತ್ತವೆ.

ಹೀಗೆ ಮಾಡಿ ನೋಡಿ. ‘ಪೆತೀತ್ ಸಿಂಫೊನಿ’ಯ ಆರಂಭದ ನಿಧಾನ ಭಾಗವನ್ನು ಹಾಕಿ, ತಂತಿಗಳು ಹಾಡುವ ಆ ಮೊದಲ ಸಾಲಿನಲ್ಲಿ ಹನ್ನೆರಡು ಸ್ವರಗಳೂ ಇವೆ. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಮೇಲಿನದನ್ನು ಮರೆತು, ಅತಿ ಕೆಳಗೆ ಕೇಳುವ ಸ್ವರವನ್ನು ಗುನುಗಿ. ಅದು ಬದಲಾದಾಗ ನೀವೂ ಬದಲಾಯಿಸಿ. ಮೂರನೆಯ ಸಲ ಆ ಗುನುಗನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲಿನ ಸಾಲಿಗೆ ಬನ್ನಿ. ನಮ್ಮ ಸಂಗೀತ ಕಲಿತವರು ಈ ಎರಡನೆಯ ಹಂತದಲ್ಲೇ ಎಡವುತ್ತಾರೆ, ಏಕೆಂದರೆ ಕೆಳಗಿನ ಸ್ವರ ಎಂದರೆ ಅದು ಸ್ಥಿರ ಎಂಬ ಅಭ್ಯಾಸ ಕಿವಿಗೆ ಅಂಟಿಕೊಂಡಿರುತ್ತದೆ.

ನೀವು ಪಿಟೀಲು ನುಡಿಸುವವರಾದರೆ ಇನ್ನೊಂದು ಮಾತು. ಆ ಸಾಲನ್ನು ನುಡಿಸಿ ನೋಡುವ ಆಸೆಯಾದರೆ ಗಮಕ ಬೇಡವೇ ಬೇಡ. ಗಾಂಧಾರ-ನಿಷಾದಗಳನ್ನು ಸ್ವಲ್ಪ ಅಲುಗಿಸಿದರೂ ಪಕ್ಕದ ಅರ್ಧ ಸ್ವರವನ್ನು ಮುಟ್ಟಿಬಿಡುತ್ತೀರಿ, ಇಲ್ಲಿ ಆ ಪಕ್ಕದ ಸ್ವರಕ್ಕೆ ಬೇರೆ ಕೆಲಸ ಇರುತ್ತದೆ.

ಪ್ರಶ್ನೆ (ಕುಕ್ ಟೌನ್): ನಮ್ಮದು ಇಪ್ಪತ್ತು ಜನರ ಹವ್ಯಾಸಿ ತಂತಿವಾದ್ಯ ತಂಡ. ಒಳ್ಳೆಯ ಪಿಯಾನೊ ವಾದಕರಿದ್ದಾರೆ. ‘ಪೆತೀತ್ ಸಿಂಫೊನಿ ಕನ್ಸರ್ಟಾಂಟ್’ ನುಡಿಸುವ ಆಸೆ. ಹಾರ್ಪ್ ಇಲ್ಲ, ಹಾರ್ಪ್ಸಿಕಾರ್ಡ್ ಇಲ್ಲ. ಎರಡನ್ನೂ ಕೀಬೋರ್ಡ್‌ನಲ್ಲಿ ನುಡಿಸಬಹುದೇ?

ಹಾರ್ಪ್ಸಿಕಾರ್ಡ್ ಆಗಬಹುದು. ಹಾರ್ಪ್ ಆಗದು. ಕಾರಣ ತಿಳಿಯಲು ಕೃತಿ ಹುಟ್ಟಿದ ಬಗೆ ನೋಡಬೇಕು.

ಸ್ವಿಸ್ ನಿರ್ದೇಶಕ ಪೌಲ್ ಜಾಖರ್ ಇದನ್ನು ಬರೆಸಿದರು. ಬರೆದದ್ದು 1944–45ರಲ್ಲಿ, ಮೊದಲ ಪ್ರದರ್ಶನ 1946ರ ಮೇ ತಿಂಗಳಲ್ಲಿ ಜ್ಯೂರಿಕ್‌ನಲ್ಲಿ. ಹಳೆಯ ಬರೋಕ್ ಕಾಲದಲ್ಲಿ ಹಿಂದೆ ಕೂತು ಕಾರ್ಡ್‌ಗಳ ಆಸರೆ ಕೊಡುತ್ತಿದ್ದ ವಾದ್ಯಗಳನ್ನು ತಂತಿಗಳ ಜೊತೆ ಬಳಸಬೇಕೆಂದು ಅವರು ಕೇಳಿದ್ದರು. ಮಾರ್ಟಿನ್ ಆ ಪಕ್ಕವಾದ್ಯಗಳನ್ನೇ ಮುಂದಕ್ಕೆ ಕರೆದು ಪ್ರಧಾನ ವಾದ್ಯ ಮಾಡಿದರು, ಜೊತೆಗೆ ಪಿಯಾನೊ ಸೇರಿಸಿದರು. ಮೂರೂ ಮೀಟುವ ಅಥವಾ ಬಡಿಯುವ ವಾದ್ಯಗಳು: ಹುಟ್ಟಿದ ಕ್ಷಣದಿಂದ ನಾದ ಸಾಯತೊಡಗುತ್ತದೆ. ಆದರೆ ಮೂರರಲ್ಲೂ ಸಾಯುವ ರೀತಿ ಬೇರೆ. ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಬಿಟ್ಟೊಡನೆ ಕತ್ತರಿಸಿದಂತೆ ನಿಲ್ಲುತ್ತದೆ. ಪಿಯಾನೊದಲ್ಲಿ ಪೆಡಲ್ ಇರುವಷ್ಟು ಕಾಲ ಉಳಿಯುತ್ತದೆ. ಹಾರ್ಪ್‌ನಲ್ಲಿ ವಾದಕ ಅಂಗೈ ಇಟ್ಟು ಅಡಗಿಸುವವರೆಗೆ ಒಂದರ ಮೇಲೊಂದು ಹರಡುತ್ತದೆ. ಇಡೀ ಕೃತಿ ಈ ಮೂರು ಸಾವುಗಳ ವ್ಯತ್ಯಾಸದ ಮೇಲೆ ನಿಂತಿದೆ. ಕೀಬೋರ್ಡಿನ ಹಾರ್ಪ್ ಧ್ವನಿ ಹತ್ತಡಿ ದೂರದಲ್ಲಿ ಮೆತ್ತನೆಯ ಪಿಯಾನೊದಂತೆಯೇ ಕೇಳುತ್ತದೆ, ಅಲ್ಲಿಗೆ ಮೂವರು ಇಬ್ಬರಾದಂತೆ.

ಹಾರ್ಪ್ ವಾದಕರನ್ನು ಹೊರ ಊರಿಂದ ಕರೆಸುವುದಾದರೆ ನಾಲ್ಕು ತಿಂಗಳು ಮೊದಲು ಪಾರ್ಟ್ (ಅವರ ವಾದ್ಯದ ಸ್ವರಲಿಪಿ) ಕಳಿಸಿ. ಈ ವಾದ್ಯಕ್ಕೆ 47 ತಂತಿ, 7 ಪೆಡಲ್. ಒಂದು ಸ್ಥಾಯಿಗೆ ಏಳೇ ತಂತಿ. ಪ್ರತಿ ಪೆಡಲ್ ತನ್ನ ಹೆಸರಿನ ತಂತಿಗಳನ್ನೆಲ್ಲ ಮೇಲಿಟ್ಟರೆ ಕೋಮಲ, ನಡುವೆ ಸಹಜ, ಕೆಳಗೆ ತೀವ್ರ ಮಾಡುತ್ತದೆ. ಎಂದರೆ ಪೆಡಲ್‌ಗಳ ಒಂದು ಜೋಡಣೆ ನಮ್ಮ ಒಂದು ಮೇಳವಿದ್ದಂತೆ. ‘ಸಿ’ಯನ್ನು ಷಡ್ಜ ಮಾಡಿಕೊಂಡು ‘ಡಿ’ ಮತ್ತು ‘ಎ’ ಪೆಡಲ್‌ಗಳನ್ನು ಮೇಲಕ್ಕೆತ್ತಿ ಉಳಿದವನ್ನು ನಡುವೆ ಬಿಟ್ಟರೆ ಮಾಯಾಮಾಳವಗೌಳ ಸಿದ್ಧ. ಅಲ್ಲಿಂದ ಕಲ್ಯಾಣಿಗೆ ಹೋಗಲು ಆ ಎರಡನ್ನೂ ನಡುವಿಗೆ ತಂದು ‘ಎಫ್’ ಅನ್ನು ಕೆಳಕ್ಕೆ ಒತ್ತಬೇಕು, ಮೂರು ಚಲನೆ. (ಕುತೂಹಲಕ್ಕೆ: ಈ ಷಡ್ಜದಲ್ಲಿ ಚಲನಾಟ ಬರುತ್ತದೆ, ಕನಕಾಂಗಿ ಬರುವುದೇ ಇಲ್ಲ. ಅದರ ಶುದ್ಧ ಗಾಂಧಾರಕ್ಕೆ ‘ಇ’ ತಂತಿ ಎರಡು ಅರ್ಧ ಸ್ವರ ಇಳಿಯಬೇಕು, ಇಳಿಯುವುದು ಒಂದೇ.) ಹನ್ನೆರಡು ಸ್ವರಗಳ ಸಾಲು ಹಿಡಿದ ಸಂಗೀತದಲ್ಲಿ ವಾದಕರ ಎರಡು ಕಾಲುಗಳೂ ಸದಾ ಓಡಾಡುತ್ತಿರುತ್ತವೆ. ಎಡಗಾಲಿಗೆ ಮೂರು ಪೆಡಲ್, ಬಲಗಾಲಿಗೆ ನಾಲ್ಕು. ಒಂದೇ ಕಡೆಯ ಎರಡನ್ನು ಒಂದೇ ಕ್ಷಣದಲ್ಲಿ ಬದಲಿಸುವುದು ಕಷ್ಟ. ಆದ್ದರಿಂದ ತಾಲೀಮಿನಲ್ಲಿ ನಿರ್ದೇಶಕರು ವೇಗವನ್ನು ಪಿಯಾನೊದವರನ್ನು ನೋಡಿ ನಿಗದಿ ಮಾಡಬಾರದು, ಹಾರ್ಪ್ ವಾದಕರ ಕಾಲು ನೋಡಿ ಮಾಡಬೇಕು.

ಹಾರ್ಪ್ಸಿಕಾರ್ಡ್ ಬದಲಿಗೆ ಕೀಬೋರ್ಡ್ ಇಡುವಾಗ ಟಚ್ ರೆಸ್ಪಾನ್ಸ್ ಆಫ್ ಮಾಡಿ. ನಿಜವಾದ ವಾದ್ಯದಲ್ಲಿ ಜೋರಾಗಿ ಒತ್ತಿದರೂ ನಾದ ದೊಡ್ಡದಾಗದು. ರಿವರ್ಬ್ ಸೊನ್ನೆ ಮಾಡಿ. ಶ್ರುತಿ ಪಿಯಾನೊದ್ದೇ ಇರಲಿ, ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಅಥವಾ 442 ಕಂಪನ. ಕೆಲವು ಕೀಬೋರ್ಡ್‌ಗಳಲ್ಲಿ ಹಾರ್ಪ್ಸಿಕಾರ್ಡ್ ಧ್ವನಿ ಆಯ್ದೊಡನೆ ಬರೋಕ್ ಶ್ರುತಿಯಾದ 415ಕ್ಕೆ ಇಳಿದುಬಿಡುತ್ತದೆ, ಅದು ಪೂರಾ ಅರ್ಧ ಸ್ವರ ಕಡಿಮೆ. ಟೆಂಪರಮೆಂಟ್ (ಸ್ವರಗಳ ನಡುವಿನ ಅಂತರ ಹಂಚುವ ಬಗೆ) ಆಯ್ಕೆ ಇದ್ದರೆ ಸಮಾನ ಹಂಚಿಕೆಗೆ ಇಡಿ. ಸ್ಪೀಕರ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಹಾಲಿನ ಮೈಕ್ ವ್ಯವಸ್ಥೆಗೆ ಜೋಡಿಸುವುದು. ಆಗ ವಾದಕ ಒಂದು ಕಡೆ, ಧ್ವನಿ ಗೋಡೆಯ ಮೇಲಿಂದ. ಎಂಟು ಅಥವಾ ಹತ್ತು ಇಂಚಿನ ಒಂದೇ ಸ್ಪೀಕರನ್ನು ವಾದಕರ ಪಕ್ಕ ಮೊಣಕಾಲೆತ್ತರದಲ್ಲಿಡಿ. ಪಿಯಾನೊದಷ್ಟು ಜೋರು ಮಾಡಬೇಡಿ, ಪಿಟೀಲುಗಳು ಮೆಲ್ಲಗೆ ನುಡಿಸುವಾಗ ತಿಳಿಯಾಗಿ ಕೇಳಿದರೆ ಸಾಕು.

ಕೂರುವ ಕ್ರಮ: ಎರಡು ತಂತಿ ಗುಂಪು ಎಡಕ್ಕೊಂದು, ಬಲಕ್ಕೊಂದು. ನಡುವೆ ಮುಂದೆ ಹಾರ್ಪ್ಸಿಕಾರ್ಡ್ ಮತ್ತು ಹಾರ್ಪ್, ಅವುಗಳ ಹಿಂದೆ ಪಿಯಾನೊ, ಮುಚ್ಚಳ ಗಿಡ್ಡ ಕೋಲಿನ ಮೇಲೆ. ನಿಮ್ಮ ಇಪ್ಪತ್ತು ಜನ ಸರಿಹೋಗುತ್ತದೆ, ಒಂದೊಂದು ಕಡೆಗೆ ಹತ್ತು. ಜನ ಸಿಕ್ಕರೆಂದು ಮೂವತ್ತು ಮಾಡಿದರೆ ಹಾರ್ಪ್ಸಿಕಾರ್ಡ್ ಮುಳುಗುತ್ತದೆ.

ಶ್ರುತಿ ಕೂಡಿಸುವುದು ಪಿಯಾನೊದಿಂದ ಶುರುವಾಗಲಿ, ಅದನ್ನು ಆ ದಿನ ಮತ್ತೆ ಸರಿಮಾಡಲು ಸುಲಭವಿಲ್ಲ. ವೇದಿಕೆಯ ದೀಪ, ಎ.ಸಿ. ಹಾಕಿ ಒಂದು ಗಂಟೆಯಾದ ಮೇಲೆ ಉಳಿದವು ಅದಕ್ಕೆ ಕೂಡಬೇಕು. ಬೆಂಗಳೂರಿನಲ್ಲಿ ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಮರದ ಹಲಗೆ ತೇವ ಹೀರಿ ಉಬ್ಬುತ್ತದೆ, ಪಿಯಾನೊದ ನಡುಸ್ಥಾಯಿ ಏರುತ್ತದೆ. ಫೆಬ್ರವರಿ-ಮಾರ್ಚ್‌ನ ಒಣ ಹವೆಗೆ ಇಳಿಯುತ್ತದೆ. ಹಾರ್ಪ್‌ನ ಕರುಳಿನ ತಂತಿಗಳು ತೇವಕ್ಕೆ ಇನ್ನೂ ಬೇಗ ಮಣಿಯುತ್ತವೆ, ಪಟ್ಟನೆ ಹರಿಯುವುದೂ ಉಂಟು. ಬದಲಿ ತಂತಿ ತರಲು ವಾದಕರಿಗೆ ಮೊದಲೇ ಹೇಳಿ.

ತಾಲೀಮಿನಲ್ಲಿ ಕೆಡುವ ಜಾಗ ಬಹುಪಾಲು ಕೊನೆಯ ನಡಿಗೆ ಭಾಗ. ಮೀಟಿದ ನಾದ ಥಟ್ಟನೆ ಹುಟ್ಟುತ್ತದೆ, ಕಮಾನಿನ ನಾದಕ್ಕೆ ಒಂದು ಕ್ಷಣ ಬೇಕು. ಹಿಂದಿನ ಸಾಲಿನ ಪಿಟೀಲಿನವರು ಹಾರ್ಪ್ಸಿಕಾರ್ಡ್ ಕೇಳಿ ನುಡಿಸಿದರೆ ಪ್ರತಿ ಮಾತ್ರೆಯೂ ಹಿಂದೆ ಬೀಳುತ್ತದೆ. ನಿರ್ದೇಶಕರ ಕೈಕೋಲನ್ನೇ ನೋಡಲಿ.

ಪಾರ್ಟ್‌ಗಳು ವಿಯೆನ್ನಾದ ಯೂನಿವರ್ಸಲ್ ಎಡಿಶನ್‌ನಿಂದ ಬಾಡಿಗೆಗೆ ಬರುತ್ತವೆ. ಮೆತ್ತನೆಯ ಪೆನ್ಸಿಲ್‌ನಲ್ಲಿ ಮಾತ್ರ ಗುರುತು ಹಾಕಿ. ಭಾರತದ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಕರ್ತೃ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ, ಹಾಗಾಗಿ ಮಾರ್ಟಿನ್ ಕೃತಿಗಳು 2034ರ ಕೊನೆಯವರೆಗೆ ಮುಕ್ತವಲ್ಲ. ಜೆರಾಕ್ಸ್ ಮಾಡಿಸಿ ಹಂಚುವ ದಾರಿ ಬೇಡ. ಪ್ರದರ್ಶನದ ಪರವಾನಗಿಯನ್ನೂ ಬರೆದು ಕೇಳಿ.

ಹಾರ್ಪ್ ಹೊಂದದೇ ಹೋದರೆ ಕೈಚೆಲ್ಲಬೇಡಿ. ಮಾರ್ಟಿನ್‌ನದೇ ‘ಎತ್ಯೂದ್’ಗಳು (1955–56) ಬರೀ ತಂತಿಗಳಿಗೆ, ಸುಮಾರು ಇಪ್ಪತ್ತು ನಿಮಿಷ. ಒಂದು ಪೀಠಿಕೆ, ನಾಲ್ಕು ಅಭ್ಯಾಸಗಳು. ಮೊದಲನೆಯದರಲ್ಲಿ ಓಟದ ಸಾಲು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೊಲಿಗೆ ಕಾಣದಂತೆ ದಾಟಬೇಕು, ಎರಡನೆಯದು ಪೂರಾ ಬೆರಳಿನ ಮೀಟು, ಮೂರನೆಯದು ವಿಯೋಲಾ-ಸೆಲ್ಲೊಗಳಿಗೆ ಮಾತ್ರ, ನಾಲ್ಕನೆಯದು ಫ್ಯೂಗ್, ಅಂದರೆ ಒಂದೇ ಸಾಲನ್ನು ಗುಂಪುಗಳು ಒಂದರ ಹಿಂದೊಂದು ಹಿಡಿದು ಬೆಳೆಸುವುದು. ಹವ್ಯಾಸಿ ತಂಡ ಮುಗ್ಗರಿಸುವುದು ಮೂರನೆಯದರಲ್ಲಿ, ಏಕೆಂದರೆ ವಿಯೋಲಾ ಎಲ್ಲೆಡೆ ಕಡಿಮೆ. ಇಬ್ಬರೇ ಇದ್ದರೆ ಆ ಅಭ್ಯಾಸವನ್ನು ಮುಟ್ಟಬೇಡಿ.

ಪ್ರಶ್ನೆ (ಆಸ್ಟಿನ್ ಟೌನ್): ಮಗಳು ಕೊಳಲು (ಪಾಶ್ಚಾತ್ಯ), ಮಗ ಟ್ರಾಂಬೋನ್ ಕಲಿಯುತ್ತಿದ್ದಾರೆ. ಇಬ್ಬರ ಶಿಕ್ಷಕರೂ ಮಾರ್ಟಿನ್‌ನ ‘ಬಲ್ಲಾಡ್’ ಸೂಚಿಸಿದ್ದಾರೆ. ಅಷ್ಟು ಕಷ್ಟವೇ?

ಕಷ್ಟವೇ. ಕೊಳಲಿನದು 1939ರ, ಟ್ರಾಂಬೋನಿನದು 1940ರ ಜಿನೀವಾ ಅಂತರರಾಷ್ಟ್ರೀಯ ಸ್ಪರ್ಧೆಗೆಂದೇ ಬರೆದದ್ದು. ಸ್ಪರ್ಧಿಗಳನ್ನು ಸೋಸುವುದೇ ಉದ್ದೇಶ. ಎರಡೂ ಹತ್ತು ನಿಮಿಷದೊಳಗಿನವು, ಪಿಯಾನೊ ಜೊತೆ ನುಡಿಸಬಹುದು. ಸ್ಯಾಕ್ಸೊಫೋನ್, ಪಿಯಾನೊ, ಸೆಲ್ಲೊ, ವಿಯೋಲಾಗಳಿಗೂ ಬಲ್ಲಾಡ್‌ಗಳಿವೆ.

ಕೊಳಲಿನದು ಕೆಳಸ್ಥಾಯಿಯ ಗೊಣಗಿನಿಂದ ಶುರುವಾಗುತ್ತದೆ. ಅಲ್ಲಿ ಕೊಳಲಿಗೆ ಬಲವಿಲ್ಲ, ಪಿಯಾನೊದವರು ಮುಚ್ಚಿಬಿಡುತ್ತಾರೆ. ಮಗಳು ಜೋರಾಗಿ ಊದಿ ಗೆಲ್ಲಲು ಹೋದರೆ ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ. ಪಿಯಾನೊದವರಿಗೆ ಎಡಗೈ ಹಗುರ ಮಾಡಲು ಹೇಳಿ. ಬೆಂಗಳೂರಿನ ಡಿಸೆಂಬರ್-ಜನವರಿ ಬೆಳಗುಗಳಲ್ಲಿ ಲೋಹದ ಕೊಳಲು ಇಳಿಶ್ರುತಿ ಆಗುತ್ತದೆ: ಒಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಸುಮಾರು 3 ಸೆಂಟ್, ಅಂದರೆ ಅರ್ಧ ಸ್ವರದ ನೂರರಲ್ಲಿ ಮೂರು ಪಾಲು ಇಳಿಕೆ. ಹತ್ತು ನಿಮಿಷ ಊದಿ ಬಿಸಿ ಮಾಡಿದ ಮೇಲೆಯೇ ತಲೆಕೊಳವೆ ಸರಿಸಿ ಶ್ರುತಿ ಕೂಡಿಸಲಿ. ತಣ್ಣಗಿರುವಾಗ ಒಳಕ್ಕೆ ತಳ್ಳಿ ಕೂಡಿಸಿದರೆ ನಡುವಿನ ಒಂಟಿ ಕಡೆಂಜಾ ಮುಗಿಸಿ ಪಿಯಾನೊಗೆ ಮರಳುವಾಗ ಏರುಶ್ರುತಿ ಬಯಲಾಗುತ್ತದೆ.

ಟ್ರಾಂಬೋನಿನಲ್ಲಿ ಅರ್ಧ ಸ್ವರದ ಹೆಜ್ಜೆಗಳೇ ಪರೀಕ್ಷೆ. ಜಾರುಕೊಳವೆಯ ಏಳು ಸ್ಥಾನಗಳಲ್ಲಿ ಪಕ್ಕಪಕ್ಕದ್ದಾದರೆ ಜಾರುವ ಸದ್ದು ನುಸುಳುತ್ತದೆ. ನಾಲಗೆಯಿಂದ ಮೆತ್ತಗೆ ‘ದ’ ಅಂದು ಬೇರ್ಪಡಿಸಬೇಕು. ಕೆಳಗಿನ ಬಿ ಫ್ಲ್ಯಾಟ್‌ನಿಂದ ಬಿ ಸಹಜಕ್ಕೆ ಮೊದಲ ಸ್ಥಾನದಿಂದ ಏಳನೆಯದಕ್ಕೆ, ತೋಳುದ್ದದ ಓಟ. ಎಫ್ ಕವಾಟವಿರುವ ವಾದ್ಯದಲ್ಲಿ ಅದೇ ಸ್ವರ ಎರಡನೆಯ ಸ್ಥಾನಕ್ಕಿಂತ ತುಸು ಆಚೆ ಸಿಗುತ್ತದೆ. ಕವಾಟವಿಲ್ಲದ ಕಲಿಕೆಯ ವಾದ್ಯದಲ್ಲಿ ಇದನ್ನು ಹಟ ಹಿಡಿದು ಮಾಡಿಸುವುದರಲ್ಲಿ ಅರ್ಥವಿಲ್ಲ. ತುಟಿಯ ದಣಿವಿನ ಲೆಕ್ಕವೂ ಇದೆ: ದಿನಕ್ಕೆ ಪೂರ್ತಿ ಒಂದೇ ಸಲ, ಉಳಿದಂತೆ ತುಂಡು ತುಂಡು.

ಪ್ರಶ್ನೆ (ಇಂದಿರಾನಗರ): ‘ಪೆತೀತ್ ಸಿಂಫೊನಿ’ಯನ್ನು ಫೋನಿನಲ್ಲಿ ಕೇಳಿದರೆ ‘ಎರಡು ಗುಂಪು’ ಎಂಬುದು ತಿಳಿಯುವುದೇ ಇಲ್ಲ.

ತಿಳಿಯುವುದಿಲ್ಲ. ಫೋನನ್ನು ಮೇಜಿನ ಮೇಲಿಟ್ಟರೆ ಎಡ-ಬಲ ಒಂದಾಗುತ್ತದೆ. ತಂತಿಯ ಇಯರ್‌ಫೋನ್ ಸಾಕು. ಆನ್ಸರ್ಮೆಯ ಹಳೆಯ ಮುದ್ರಣ 1950ರ ದಶಕದ ಆರಂಭದ್ದು, ಮೋನೊ. ಅದರಲ್ಲಿ ಏನು ಮಾಡಿದರೂ ಎರಡು ಗುಂಪು ಬೇರೆಯಾಗವು. ಫೋನಿನಲ್ಲಿ ಧ್ವನಿಮಟ್ಟ ಸಮ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ, ಅದು ಮೆಲುದನಿಯನ್ನು ಎತ್ತಿ ಗಟ್ಟಿದನಿಯನ್ನು ತುಳಿಯುತ್ತದೆ. ಪಿಟೀಲು ಮತ್ತು ಎರಡು ತಂತಿ ಗುಂಪುಗಳ ‘ಪೊಲಿಪ್ತಿಕ್’ (1973) ಕೂಡ ಹೀಗೆಯೇ ಕೇಳಬೇಕಾದ್ದು: ಪಿಟೀಲುವಾದಕ ಯೆಹೂದಿ ಮೆನುಹಿನ್‌ಗಾಗಿ ಬರೆದದ್ದು, ಇಟಲಿಯ ಸಿಯೆನಾದಲ್ಲಿ ಕಂಡ ಹಳೆಯ ಚಿತ್ರಕಾರ ದುಚ್ಚೊನ ಚಿತ್ರಫಲಕಗಳಿಂದ ಹುಟ್ಟಿದ್ದು, ಕ್ರಿಸ್ತನ ಕೊನೆಯ ದಿನಗಳ ಆರು ಚಿತ್ರ. ಮೂರನೆಯದು ಜೂದಾಸನದು, ಅಲ್ಲಿ ಪಿಟೀಲಿಗೆ ನೆಲೆಯೇ ಸಿಗದಂತೆ ಬರೆದಿದ್ದಾರೆ.

ಪ್ರಶ್ನೆ (ಮಲ್ಲೇಶ್ವರ): ಮಾರ್ಟಿನ್ ಭಾರತೀಯ ತಾಳಗಳನ್ನು ಬಳಸಿದ್ದಾರೆಂದು ಓದಿದೆ. ನಿಜವೇ? ಸ್ವಿಸ್ ಸಂಯೋಜಕರು ಇನ್ನಾರಿದ್ದಾರೆ?

1920ರ ದಶಕದಲ್ಲಿ ಅವರು ಭಾರತದ, ಬಲ್ಗೇರಿಯಾದ ಲಯಗಳತ್ತ ಕಣ್ಣು ಹಾಯಿಸಿದ್ದು ನಿಜ. ಅದೇ ಕಾಲಕ್ಕೆ ಜಿನೀವಾದಲ್ಲಿ ಮೈಚಲನೆಯಿಂದ ಲಯ ಕಲಿಸುತ್ತಿದ್ದ ಝಾಕ್-ದಾಲ್ಕ್ರೋಜ್ ಸಂಸ್ಥೆಯನ್ನು ಸೇರಿದರು, 1926ರಲ್ಲಿ ‘ರಿತ್ಮ್’ ಎಂಬ ಮೂರು ಭಾಗದ ಆರ್ಕೆಸ್ಟ್ರಾ ಕೃತಿ ಬರೆದರು. ಆದರೆ ಕನ್ಸರ್ಟೋಗಳಲ್ಲಿ ಆದಿತಾಳ, ಖಂಡಚಾಪು ಹುಡುಕಿ ಕೂರಬೇಡಿ. ಆವರ್ತ ಬೇಕೆನಿಸಿದರೆ ‘ಪಾಸಕಾಯ್’ ಕೇಳಿ: 1944ರಲ್ಲಿ ಆರ್ಗನ್‌ಗೆ, 1952ರಲ್ಲಿ ತಂತಿಗಳಿಗೆ, 1962ರಲ್ಲಿ ಪೂರ್ಣ ಆರ್ಕೆಸ್ಟ್ರಾಗೆ ಅವರೇ ಮತ್ತೆ ಮತ್ತೆ ಬರೆದದ್ದು. ಕೆಳಗಿನ ಒಂದೇ ಸಾಲು ಸುತ್ತಿ ಬರುತ್ತಲೇ ಇರುತ್ತದೆ, ಕೈಯಲ್ಲಿ ತಾಳ ಹಾಕಿ ಎಣಿಸಬಹುದು.

ಇತರರಲ್ಲಿ ಆರ್ತುರ್ ಒನೆಗೇರ್ ಮೊದಲು. ಹುಟ್ಟಿದ್ದು ಫ್ರಾನ್ಸಿನ ಲ ಆವ್ರ್‌ನಲ್ಲಿ, ತಂದೆತಾಯಿ ಸ್ವಿಸ್. ಸ್ವಿಟ್ಜರ್ಲೆಂಡಿನ ಹಳೆಯ 20 ಫ್ರಾಂಕ್ ನೋಟಿನ ಮೇಲಿದ್ದವರು ಇವರೇ. ಉಗಿಬಂಡಿಯ ಓಟವನ್ನು ಕೇಳಿಸುವ ‘ಪಸಿಫಿಕ್ 231’ (1923) ಹೆಚ್ಚು ಪ್ರಸಿದ್ಧ, ಆದರೆ ನಮಗೆ ಮೆಚ್ಚು ಕೊಳಲು, ಇಂಗ್ಲಿಷ್ ಹಾರ್ನ್, ತಂತಿಗಳ ‘ಕನ್ಸರ್ಟೋ ದ ಕಾಮೆರಾ’ (1948). ಜಿನೀವಾದಲ್ಲೇ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅರ್ನೆಸ್ಟ್ ಬ್ಲಾಖ್‌ರ ‘ಷೆಲೊಮೊ’ (1916) ಸೆಲ್ಲೊ ಪ್ರಿಯರಿಗೆ. ರೋಲ್ಫ್ ಲೀಬರ್ಮಾನ್ 1954ರಲ್ಲಿ ಜಾಜ್ ಬ್ಯಾಂಡ್ ಮತ್ತು ಸಿಂಫನಿ ಆರ್ಕೆಸ್ಟ್ರಾ ಎರಡನ್ನೂ ಒಂದೇ ವೇದಿಕೆಗೆ ತಂದು ಕನ್ಸರ್ಟೋ ಬರೆದರು. ಅದರಲ್ಲಿ ಮಾಂಬೊ ಕುಣಿತದ ಲಯವೂ ಇದೆ, ಮನೆಯವರೆಲ್ಲ ಇರುವಾಗ ಹಾಕಬಹುದು.